ಕತ್ತಲ ನೀರಿನಲ್ಲಿ ಒಂದು ನೂಲು

ಕುರುಕ್ಷೇತ್ರದ ಯುದ್ಧದ ಕೊನೆಯಲ್ಲಿ ದುರ್ಯೋಧನನು ವೈಶಂಪಾಯನ ಸರೋವರವನ್ನು ಹೊಕ್ಕು, ಜಲಮಂತ್ರದ ಬಲದಿಂದ ನೀರಿನ ತಳದಲ್ಲಿ ಅಡಗಿದ ಪ್ರಸಂಗವನ್ನು ಅರಿಯದ ಕನ್ನಡಿಗರು ವಿರಳ. ರನ್ನನ ‘ಗದಾಯುದ್ಧ’ವನ್ನು ಓದಿದವರಿಗೆ ಅದು ಕಾವ್ಯ, ಊರ ಬಯಲಾಟವನ್ನು ನೋಡಿದವರಿಗೆ ಅದು ಕಣ್ಣಿಗೆ ಕಟ್ಟಿದ ದೃಶ್ಯ. ನೀರಿನೊಳಗೆ ಉಸಿರಾಡಿಕೊಂಡು ಇರಬೇಕೆಂಬುದು ಮನುಷ್ಯನ ಬಹು ಹಳೆಯ ಆಸೆ. ಆ ಆಸೆಯನ್ನು ಈ ಕಾಲದಲ್ಲಿ ಮಂತ್ರಕ್ಕೆ ಬದಲಾಗಿ ಬೆನ್ನಿಗೆ ಕಟ್ಟಿದ ಗಾಳಿಯ ಸಿಲಿಂಡರು ಪೂರೈಸಿದೆ.

ಆದರೆ ಸರೋವರದ ನೀರಿಗೂ ಗುಹೆಯ ನೀರಿಗೂ ಅಜಗಜಾಂತರವುಂಟು. ಸರೋವರದಲ್ಲಿ ಉಸಿರುಗಟ್ಟಿದವನು ತಲೆಯೆತ್ತಿ ಮೇಲಕ್ಕೆ ಬರಬಹುದು. ನೀರು ತುಂಬಿದ ಗುಹೆಯಲ್ಲಿ ತಲೆಯ ಮೇಲಿರುವುದು ಬಂಡೆ. ಅಲ್ಲಿ ಹೊರಗೆ ಬರುವ ದಾರಿ ಒಂದೇ: ಹೋದ ದಾರಿ. ಆ ದಾರಿಯನ್ನು ಮರೆಯದಿರುವ ವಿದ್ಯೆಯೇ ಗುಹಾಮುಳುಗು ಎಂಬ ಸಾಹಸದ ತಿರುಳು. ಈ ವಿದ್ಯೆಯಿಂದ ಮನುಷ್ಯನಿಗೆ ದೊರೆತುದೇನು, ಅದಕ್ಕೆ ಅವನು ತೆತ್ತ ಬೆಲೆಯೇನು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಗುಹೆಯನ್ನು ಕೊರೆದವರು ಯಾರು?

ನಮ್ಮ ಆದವಾನಿಯ ಕಡೆಯವರಿಗೆ ಬೆಲುಂ ಗುಹೆಗಳು ಹೊಸತಲ್ಲ. ಹಿಂದೆ ಕರ್ನೂಲು ಜಿಲ್ಲೆಯಲ್ಲಿದ್ದು ಈಗ ನಂದ್ಯಾಲ ಜಿಲ್ಲೆಗೆ ಸೇರಿದ ಈ ಗುಹೆಗಳು ಸುಣ್ಣಕಲ್ಲಿನ ನೆಲದಡಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ದೂರ ಚಾಚಿವೆ. ಅವುಗಳ ಅತ್ಯಂತ ಆಳದ ತಾಣವು ನೆಲಮಟ್ಟದಿಂದ ಸುಮಾರು 46 ಮೀಟರ್ ಕೆಳಗಿದೆ. ಅಲ್ಲಿ ನೀರು ಹರಿಯುವುದರಿಂದ ಜನರು ಅದನ್ನು ಪಾತಾಳಗಂಗೆ ಎಂದು ಕರೆದಿದ್ದಾರೆ.

ಇಂತಹ ಗುಹೆಗಳನ್ನು ಕೊರೆದ ಶಿಲ್ಪಿ ನೀರೇ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಸಾವಿರಾರು ವರ್ಷಗಳಲ್ಲಿ ಕಲ್ಲನ್ನು ಕರಗಿಸಿ ಓಣಿಗಳನ್ನೂ ಹಜಾರಗಳನ್ನೂ ನಿರ್ಮಿಸುತ್ತದೆ. ಮುಂದೆ ನೀರಿನ ಮಟ್ಟ ಇಳಿದರೆ ಗುಹೆ ಬರಿದಾಗುತ್ತದೆ. ಆಗ ಛಾವಣಿಯಿಂದ ತೊಟ್ಟಿಕ್ಕುವ ಹನಿಗಳು ತಮ್ಮೊಳಗಿನ ಸುಣ್ಣವನ್ನು ಬಿಟ್ಟುಹೋಗಿ, ಮೇಲಿನಿಂದ ತೂಗುವ ಕಂಬಗಳೂ ಕೆಳಗಿನಿಂದ ಏಳುವ ಕಂಬಗಳೂ ಮೂಡುತ್ತವೆ. ಬೆಲುಮಿನಲ್ಲಿ ಇವನ್ನು ನಾವು ದೀಪದ ಬೆಳಕಿನಲ್ಲಿ, ನೆಲದ ಮೇಲೆ ನಡೆಯುತ್ತ ನೋಡುತ್ತೇವೆ.

ಅದೇ ಗುಹೆಯು ಮತ್ತೆ ಛಾವಣಿಯವರೆಗೂ ನೀರಿನಿಂದ ತುಂಬಿತೆಂದು ಭಾವಿಸಿಕೊಳ್ಳಿ. ಮೆಕ್ಸಿಕೋ ದೇಶದ ಯುಕಟಾನ್ ಪರ್ಯಾಯದ್ವೀಪದಲ್ಲಿ ನಡೆದದ್ದು ಅದೇ. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗವು ತನ್ನ ತುತ್ತತುದಿಯಲ್ಲಿದ್ದಾಗ, ಅಪಾರ ಪ್ರಮಾಣದ ನೀರು ಹಿಮಗಡ್ಡೆಯಾಗಿ ನೆಲದ ಮೇಲೆ ನಿಂತಿದ್ದುದರಿಂದ ಸಮುದ್ರದ ಮಟ್ಟವು ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಯುಕಟಾನಿನ ಗುಹೆಗಳು ಒಣಗಿದ್ದವು. ಹಿಮ ಕರಗಿ ಕಡಲು ಏರಿದಂತೆ ನೆಲದಡಿಯ ನೀರೂ ಏರಿ ಗುಹೆಗಳನ್ನು ಮುಳುಗಿಸಿತು. ನೀರಿನೊಳಗೆ ಇಂದಿಗೂ ನಿಂತಿರುವ ಸುಣ್ಣದ ಕಂಬಗಳೇ ಇದಕ್ಕೆ ಸಾಕ್ಷಿ. ತೊಟ್ಟಿಕ್ಕುವ ಹನಿಯಿಂದ ಬೆಳೆಯುವ ಕಂಬ ನೀರೊಳಗೆ ಹುಟ್ಟಲಾರದು.

ಯುಕಟಾನಿನ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ನದಿಗಳಿಲ್ಲವೆಂದೇ ಹೇಳಬಹುದು. ಗುಹೆಯ ಛಾವಣಿ ಕುಸಿದಲ್ಲಿ ಬಾಯ್ದೆರೆದ ಬಾವಿಯಂತಹ ಕುಳಿಗಳುಂಟು. ಇವುಗಳಿಗೆ ‘ಸೆನೋಟೆ’ ಎಂದು ಹೆಸರು. ಮಾಯಾ ಜನರು ಈ ಕುಳಿಗಳಿಂದಲೇ ಕುಡಿಯುವ ನೀರನ್ನು ಪಡೆದರು. ಇವೇ ಪಾತಾಳಲೋಕದ ಬಾಗಿಲುಗಳೆಂದು ಭಾವಿಸಿ ಪೂಜಿಸಿದರು. ಬಾಗಿಲಿನ ಆಚೆಗಿನ ಲೋಕ ಎಷ್ಟು ದೊಡ್ಡದೆಂಬುದು ತಿಳಿದದ್ದು ಮುಳುಗುಗಾರರಿಂದ. ಸಾಕ್ ಆಕ್ತುನ್ ಎಂಬ ಗುಹಾಜಾಲಕ್ಕೂ ದೋಸ್ ಓಹೋಸ್ ಎಂಬ ಗುಹಾಜಾಲಕ್ಕೂ ನೀರಿನೊಳಗೇ ಸಂಪರ್ಕವಿದೆಯೆಂದು 2018ರ ಜನವರಿಯಲ್ಲಿ ಪ್ರಕಟವಾದಾಗ, ಎರಡೂ ಕೂಡಿದ ಉದ್ದ ಸುಮಾರು 347 ಕಿಲೋಮೀಟರ್ ಎಂದು ಲೆಕ್ಕ ಹಾಕಲಾಯಿತು.

ಮೊದಲ ಹೆಜ್ಜೆಗಳು

ಇಂತಹ ನೀರನ್ನು ಹೊಗುವ ವಿದ್ಯೆಯ ಆರಂಭದ ಸಾಹಸಗಳಲ್ಲೊಂದು ನಡೆದದ್ದು ಇಂಗ್ಲೆಂಡಿನಲ್ಲಿ. 1935ರಲ್ಲಿ ಗ್ರಹಾಂ ಬಾಲ್ಕೋಂಬ್, ಜ್ಯಾಕ್ ಶೆಪರ್ಡ್ ಮತ್ತು ಅವರ ಸಂಗಡಿಗರು ಸಾಮರ್ಸೆಟ್ ಪ್ರಾಂತದ ವೂಕಿ ಹೋಲ್ ಗುಹೆಯ ನೀರಿನಲ್ಲಿ ಮುಳುಗಿ ಮುಂದಿನ ಕೋಣೆಗಳನ್ನು ಕಂಡರು. ಆ ತಂಡದಲ್ಲಿ ಪೆನೆಲೋಪಿ ಪೊವೆಲ್ ಎಂಬ ಮಹಿಳೆಯೂ ಇದ್ದರು. ಅವರು ಧರಿಸಿದ್ದು ಬಂದರುಗಳಲ್ಲಿ ಹಡಗಿನ ಕೆಲಸದವರು ಧರಿಸುತ್ತಿದ್ದ ಲೋಹದ ಶಿರಸ್ತ್ರಾಣ ಹಾಗೂ ಸೀಸದ ಅಡಿಯ ಬೂಟುಗಳು. ಉಸಿರಾಡುವ ಗಾಳಿಯನ್ನು ದಡದಲ್ಲಿದ್ದವರು ಪಂಪಿನಿಂದ ಕೊಳವೆಯ ಮೂಲಕ ಕಳುಹಿಸುತ್ತಿದ್ದರು. ಕೊಳವೆಯ ಉದ್ದವೇ ಅವರ ಸಾಹಸದ ಎಲ್ಲೆ.

1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ ಅವರು ಬೆನ್ನಿನ ಸಿಲಿಂಡರಿನಿಂದ ಬೇಕಾದಾಗ ಬೇಕಾದಷ್ಟೇ ಗಾಳಿಯನ್ನು ಒದಗಿಸುವ ಸಾಧನವನ್ನು ರೂಪಿಸಿದರು. ಎಲ್ಲೆಯೇನೋ ದೂರ ಸರಿಯಿತು. ಅಪಾಯವೂ ಅದರೊಡನೆಯೇ ಒಳಕ್ಕೆ ಸರಿಯಿತು. 1946ರಲ್ಲಿ ವೋಕ್ಲೂಸ್ ಎಂಬಲ್ಲಿನ ನೀರಿನ ಬುಗ್ಗೆಯ ಗುಹೆಗೆ ಇಳಿದ ಕೂಸ್ಟೋ ಮತ್ತು ಅವರ ಮಿತ್ರ ದ್ಯೂಮಾ ಬುದ್ಧಿ ಮಂಕಾಗಿ ಸಾವಿನ ಬಾಗಿಲಿಗೆ ಹೋಗಿ ಬಂದರು. ಸಿಲಿಂಡರಿಗೆ ಗಾಳಿ ತುಂಬಿದ ಯಂತ್ರವು ತನ್ನದೇ ಹೊಗೆಯನ್ನು ಹೀರಿ ವಿಷಾನಿಲವನ್ನು ಒಳಗೆ ಸೇರಿಸಿತ್ತೆಂದು ಆಮೇಲೆ ತಿಳಿದುಬಂತು.

ಗಣಿತದ ಮೇಷ್ಟರು ಬರೆದ ನಿಯಮಗಳು

ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಸ್ವಚ್ಛವಾದ ನೀರಿನ ಬುಗ್ಗೆಗಳು ಅನೇಕ. ಅವುಗಳ ಒಳಗಿನ ಗುಹೆಗಳಿಗೆ ಇಳಿದ ತರುಣರು ಒಬ್ಬರ ಹಿಂದೆ ಒಬ್ಬರು ಸಾಯತೊಡಗಿದರು. ಸತ್ತವರಲ್ಲಿ ಸಮುದ್ರದಲ್ಲಿ ಮುಳುಗಿ ಪಳಗಿದವರೂ ಇದ್ದರು. ಆ ಕಾಲದಲ್ಲಿ ಶೆಕ್ ಎಕ್ಸ್‌ಲೀ ಎಂಬ ಪ್ರೌಢಶಾಲೆಯ ಗಣಿತದ ಅಧ್ಯಾಪಕರು ಒಂದು ಕೆಲಸ ಮಾಡಿದರು. ಸತ್ತವರು ಏಕೆ ಸತ್ತರು ಎಂಬುದನ್ನು ಒಂದೊಂದು ಪ್ರಕರಣವಾಗಿ ಪರಿಶೀಲಿಸಿ, ಅದರಿಂದ ನಿಯಮಗಳನ್ನು ಹೊರತೆಗೆದು, 1979ರಲ್ಲಿ ಒಂದು ಕಿರುಹೊತ್ತಗೆಯಾಗಿ ಪ್ರಕಟಿಸಿದರು. ವಿದ್ಯಾರ್ಥಿಯ ತಪ್ಪು ಉತ್ತರವನ್ನು ನೋಡಿ ಅವನು ಎಲ್ಲಿ ಎಡವಿದನೆಂದು ಹುಡುಕುವುದು ಮೇಷ್ಟರ ದಿನನಿತ್ಯದ ಕೆಲಸ. ಎಕ್ಸ್‌ಲೀ ಅದನ್ನೇ ಪ್ರಾಣದ ವಿಷಯದಲ್ಲಿ ಮಾಡಿದರು.

ಅವರು ಕಂಡ ಮೊದಲ ನಿಯಮ ನೂಲಿನದು. ಹೊರಗಿನ ಬೆಳಕಿರುವ ನೀರಿನಲ್ಲಿಯೇ ನೈಲಾನ್ ದಾರದ ತುದಿಯನ್ನು ಬಂಡೆಗೆ ಕಟ್ಟಬೇಕು. ದಾರದ ಸುರುಳಿಯನ್ನು ಬಿಚ್ಚುತ್ತ, ಅಲ್ಲಲ್ಲಿ ಕಲ್ಲಿಗೆ ಸುತ್ತಿ ಬಿಗಿಮಾಡುತ್ತ ಒಳಗೆ ಹೋಗಬೇಕು. ನೂಲು ಎಲ್ಲಿಯೂ ತುಂಡಾಗಕೂಡದು. ಗುಹೆಯ ತಳದಲ್ಲಿ ಹಿಟ್ಟಿನಂತಹ ಹೂಳು ಕುಳಿತಿರುತ್ತದೆ. ಕಾಲಿನ ಒಂದು ಒರಟು ಬಡಿತಕ್ಕೆ ಅದು ಎದ್ದು, ಗಾಜಿನಂತಿದ್ದ ನೀರು ಕ್ಷಣಮಾತ್ರದಲ್ಲಿ ಕಲಸಿದ ಮಣ್ಣಾಗುತ್ತದೆ. ಕಣ್ಣೆದುರು ಹಿಡಿದ ಟಾರ್ಚು ಕೂಡ ಕಾಣದು. ಆಗ ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ನೂಲಿನ ಸುತ್ತ ಉಂಗುರದಂತೆ ಹಿಡಿದು, ಕುರುಡನು ಗೋಡೆಯನ್ನು ತಡವಿಕೊಂಡು ಬರುವಂತೆ ಹೊರಗೆ ಬರಬೇಕು. ನೂಲಿಗೆ ಅಲ್ಲಲ್ಲಿ ಬಾಣದಾಕಾರದ ಪ್ಲಾಸ್ಟಿಕ್ ಗುರುತುಗಳನ್ನು ಸಿಕ್ಕಿಸಿರುತ್ತಾರೆ. ಬಾಣದ ಮೊನೆ ಸದಾ ಹೊರದಾರಿಯ ಕಡೆಗೆ ಇರುತ್ತದೆ. ಕಣ್ಣಿಲ್ಲದಿದ್ದರೂ ಬೆರಳಿಗೆ ದಿಕ್ಕು ತಿಳಿಯುತ್ತದೆ.

ಎರಡನೆಯದು ಗಾಳಿಯ ಲೆಕ್ಕ. ಇದನ್ನು ಮೂರನೆಯ ಒಂದು ಪಾಲಿನ ನಿಯಮವೆನ್ನುತ್ತಾರೆ. ಸಿಲಿಂಡರಿನ ಮಾಪಕವು 210 ಎಂದು ತೋರಿಸುತ್ತಿದೆಯೆನ್ನೋಣ. ಒಳಗೆ ಹೋಗಲು 70. ಹೊರಗೆ ಬರಲು 70. ಉಳಿದ 70ನ್ನು ಮುಟ್ಟುವಂತಿಲ್ಲ. ಮುಟ್ಟಬಾರದ ಆ ಪಾಲು ಯಾರಿಗಾಗಿ? ಜೊತೆಗಾರನಿಗಾಗಿ. ಅತ್ಯಂತ ದೂರದ ತಾಣವನ್ನು ಮುಟ್ಟಿದ ಗಳಿಗೆಯಲ್ಲಿಯೇ ಜೊತೆಗಾರನ ಗಾಳಿಯೆಲ್ಲ ನಷ್ಟವಾದರೆ, ನನ್ನ ಬಳಿ ಉಳಿದ 140ರಲ್ಲಿ ನನಗೆ 70, ಅವನಿಗೆ 70. ಇಬ್ಬರೂ ಸರಿಯಾಗಿ ಬಾಗಿಲು ಮುಟ್ಟುತ್ತೇವೆ. ಗಾಬರಿಯಾದವನು ಹೆಚ್ಚು ಉಸಿರಾಡುವನಾದುದರಿಂದ, ವಿವೇಕಿಗಳು ಇದಕ್ಕಿಂತಲೂ ಮೊದಲೇ ಹಿಂದಿರುಗುತ್ತಾರೆ.

ಮೂರನೆಯದು ಆಳದ ಮಿತಿ. ಬಹಳ ಆಳಕ್ಕೆ ಇಳಿದರೆ ಗಾಳಿಯಲ್ಲಿರುವ ಸಾರಜನಕವು ಒತ್ತಡದಿಂದಾಗಿ ಹೆಂಡದಂತೆ ಅಮಲೇರಿಸುತ್ತದೆ. ಬೇಗನೆ ಮೇಲೆ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆಗಳೇಳುವಂತೆ ರಕ್ತದಲ್ಲಿಯೂ ಗುಳ್ಳೆಗಳೇಳುತ್ತವೆ. ಈ ಮೂರರೊಂದಿಗೆ ಮುಂದೆ ಇನ್ನೆರಡು ಸೇರಿದವು: ಗುಹಾಮುಳುಗಿನಲ್ಲಿಯೇ ಪ್ರತ್ಯೇಕ ಶಿಕ್ಷಣ ಪಡೆಯದೆ ಒಳಗೆ ಹೋಗಬಾರದು, ಒಬ್ಬೊಬ್ಬನ ಬಳಿಯಲ್ಲೂ ಮೂರು ದೀಪಗಳಿರಬೇಕು.

ಇವುಗಳ ಜೊತೆಗೆ ನನಗೆ ಬಹಳ ಮೆಚ್ಚಿಕೆಯಾದ ಸಂಪ್ರದಾಯವೊಂದುಂಟು. ತಂಡದ ಯಾರೇ ಆಗಲಿ, ಎಷ್ಟೇ ಕಿರಿಯನಾಗಿರಲಿ, ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದರೆ ಎಲ್ಲರೂ ಹಿಂದಿರುಗಬೇಕು. ಕಾರಣ ಕೇಳುವಂತಿಲ್ಲ, ಆಮೇಲೆ ಹಳಿಯುವಂತಿಲ್ಲ. ‘ನನಗೆ ಭಯವಾಗಿದೆ’ ಎಂದು ಹೇಳುವ ಹಕ್ಕನ್ನು ಇಷ್ಟು ಗೌರವದಿಂದ ಕಾಪಾಡಿದ ಸಾಹಸಿಗಳ ಕೂಟ ಮತ್ತೊಂದಿರಲಾರದು.

ಎಕ್ಸ್‌ಲೀ ಅವರು 1994ರ ಏಪ್ರಿಲ್ 6ರಂದು ಮೆಕ್ಸಿಕೋದ ಸಕಾಟೋನ್ ಎಂಬ ಆಳವಾದ ನೀರಿನ ಕುಳಿಯಲ್ಲಿ, ಹಿಂದೆ ಯಾರೂ ಮುಟ್ಟದ ಆಳವನ್ನು ಮುಟ್ಟಲು ಇಳಿದು ಮರಳಲಿಲ್ಲ. ಆಗ ಅವರಿಗೆ 45 ವರ್ಷ. ಅವರು ಬರೆದಿಟ್ಟ ನಿಯಮಗಳಿಂದ ಎಷ್ಟೋ ಮನೆಗಳ ಮಕ್ಕಳು ಇಂದಿಗೂ ಮರಳಿ ಬರುತ್ತಿದ್ದಾರೆ.

ಕಪ್ಪು ಕುಳಿಯ ಯಾತ್ರೆ

2007ರ ಮೇ ತಿಂಗಳಿನಲ್ಲಿ ಅಲೆಹಾಂದ್ರೋ ಆಲ್ವಾರೆಜ್, ಫ್ರಾಂಕೋ ಅತ್ತೊಲೀನಿ ಮತ್ತು ಆಲ್ಬೆರ್ತೋ ನಾವಾ ಎಂಬ ಮೂವರು ಮುಳುಗುಗಾರರು ಯುಕಟಾನಿನ ಪೂರ್ವ ಕರಾವಳಿಯ ಒಂದು ಗುಹೆಯನ್ನು ಹೊಕ್ಕರು. ಮೇಲೆ ದಟ್ಟವಾದ ಕಾಡು, ಕೆಳಗೆ ತಿಳಿನೀರು. ಬ್ಯಾಟರಿಯಿಂದ ಓಡುವ ಚಿಕ್ಕ ಯಂತ್ರಗಳನ್ನು ಕೈಯಲ್ಲಿ ಹಿಡಿದು, ಅವು ಎಳೆದತ್ತ ಸಾಗುತ್ತ, ನೂಲು ಬಿಚ್ಚುತ್ತ ಅವರು ಸುಮಾರು 1,200 ಮೀಟರ್ ದೂರ ಹೋದರು. ಇಕ್ಕಟ್ಟಾದ ಓಣಿಯೊಂದರ ಕೊನೆಯಲ್ಲಿ ಕಾಲಡಿಯ ನೆಲ ಇದ್ದಕ್ಕಿದ್ದಂತೆ ಇಲ್ಲವಾಯಿತು. ಗೋಡೆಗಳೂ ದೂರ ಸರಿದವು. ಟಾರ್ಚಿನ ಬೆಳಕನ್ನು ಯಾವ ದಿಕ್ಕಿಗೆ ಹಾಯಿಸಿದರೂ ಅದು ಮುಟ್ಟಿದ್ದು ಬರಿಯ ಕತ್ತಲನ್ನು. ಅವರು ಸುಮಾರು 60 ಮೀಟರ್ ಅಗಲದ ಮಹಾಕೂಪವೊಂದರ ಅಂಚಿನಲ್ಲಿ ತೇಲುತ್ತಿದ್ದರು. ಅದಕ್ಕೆ ‘ಓಯೋ ನೆಗ್ರೋ’ ಎಂದು ಹೆಸರಿಟ್ಟರು. ಸ್ಪ್ಯಾನಿಷ್ ನುಡಿಯಲ್ಲಿ ಕಪ್ಪು ಕುಳಿ ಎಂದರ್ಥ.

ಮುಂದೆ ತಳಕ್ಕೆ ಇಳಿದಾಗ ಅವರಿಗೆ ಮೂಳೆಗಳು ಕಾಣಿಸಿದವು. ಆನೆಯ ದೂರದ ಬಂಧುವಾದ ಒಂದು ಪ್ರಾಣಿಯದು, ಇಂದು ಲೋಕದಲ್ಲಿಲ್ಲದ ಕತ್ತಿಹಲ್ಲಿನ ಬೆಕ್ಕಿನದು, ದೈತ್ಯಾಕಾರದ ನೆಲಸ್ಲಾತಿನದು. ಅವುಗಳ ನಡುವೆ ತಲೆಕೆಳಗಾಗಿ ಕುಳಿತ ಒಂದು ಮನುಷ್ಯನ ತಲೆಬುರುಡೆ. ಹಲ್ಲುಗಳೆಲ್ಲ ಹಾಗೆಯೇ ಇದ್ದವು.

ಅವರು ಅದನ್ನು ಮುಟ್ಟಲಿಲ್ಲ. ಮೇಲೆ ಬಂದು ಮೆಕ್ಸಿಕೋದ ಪ್ರಾಚ್ಯವಸ್ತು ಸಂಸ್ಥೆಗೆ ತಿಳಿಸಿದರು. ಮುಂದಿನ ವರ್ಷಗಳಲ್ಲಿ ವಿದ್ವಾಂಸರೂ ಮುಳುಗುಗಾರರೂ ಕೂಡಿ ಕೆಲಸ ಮಾಡಿದರು. ನೀರಿಗಿಳಿಯುವುದು ಒಬ್ಬರಿಗೆ ಬಾರದು, ಮೂಳೆಯನ್ನು ಓದುವುದು ಇನ್ನೊಬ್ಬರಿಗೆ ಬಾರದು. ಆದುದರಿಂದ ಮುಳುಗುಗಾರರು ಛಾಯಾಚಿತ್ರ ತೆಗೆದು, ಅಳತೆ ಮಾಡಿ, ವಿದ್ವಾಂಸರ ಕಣ್ಣಾದರು. 2014ರ ಮೇ ತಿಂಗಳಿನಲ್ಲಿ ಜೇಮ್ಸ್ ಚಾಟರ್ಸ್ ಮತ್ತು ಸಹೋದ್ಯೋಗಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು.

ತಲೆಬುರುಡೆಯು 15 ಅಥವಾ 16 ವರ್ಷದ ಒಬ್ಬ ಹುಡುಗಿಯದು. ಅವಳು ಬದುಕಿದ್ದುದು ಈಗ್ಗೆ 12,000ದಿಂದ 13,000 ವರ್ಷಗಳ ಹಿಂದೆ. ಗ್ರೀಕರ ಜಲದೇವತೆಯ ಹೆಸರಿನಿಂದ ಅವಳನ್ನು ‘ನಾಯಿಯಾ’ ಎಂದು ಕರೆದರು. ಅಮೆರಿಕ ಖಂಡದ ಅತಿ ಪ್ರಾಚೀನ ಮಾನವರ ತಲೆಬುರುಡೆಗಳು ಇಂದಿನ ಮೂಲನಿವಾಸಿಗಳ ತಲೆಯ ಆಕಾರವನ್ನು ಹೋಲುವುದಿಲ್ಲ. ಆದುದರಿಂದ ಅವರು ಬೇರೆ ಯಾವುದೋ ಕುಲದವರಾಗಿದ್ದು ಆಮೇಲೆ ನಶಿಸಿರಬೇಕೆಂದು ಕೆಲವರು ವಾದಿಸುತ್ತಿದ್ದರು. ನಾಯಿಯಾಳ ದವಡೆಹಲ್ಲೊಂದರಿಂದ ತೆಗೆದ ಅನುವಂಶಿಕ ದ್ರವ್ಯವನ್ನು ಪರೀಕ್ಷಿಸಿದಾಗ, ತಾಯಿಯಿಂದ ಬಂದ ಅವಳ ವಂಶದ ಗುರುತು ಇಂದಿನ ಮೂಲನಿವಾಸಿಗಳಲ್ಲಿಯೂ ಕಾಣುವಂತಹದೇ ಎಂದು ತಿಳಿಯಿತು. ಮುಖ ಬದಲಾಗಿದ್ದರೂ ವಂಶ ಬದಲಾಗಿರಲಿಲ್ಲ. ಆ ನೆಲದ ಜನರಿಗೆ ಅವಳು ಪರಕೀಯಳಲ್ಲ, ಬಳಗದವಳು.

ಮೂಳೆಗಳು ಇನ್ನೂ ಒಂದು ಕಥೆಯನ್ನು ಹೇಳಿದವು. ಅವಳ ಸೊಂಟದ ಮೂಳೆ ಮುರಿದಿತ್ತು. ಅವಳ ಕಾಲದಲ್ಲಿ ಗುಹೆಯ ಓಣಿಗಳು ಒಣಗಿದ್ದವು, ನಡೆದು ಹೋಗಬಹುದಾಗಿತ್ತು. ಬಹುಶಃ ನೀರನ್ನು ಹುಡುಕುತ್ತ ಅವಳು ಕತ್ತಲಲ್ಲಿ ಬಹುದೂರ ನಡೆದು, ಕಾಣದ ಕುಳಿಯ ಅಂಚಿನಿಂದ ಕೆಳಗೆ ಬಿದ್ದಳೆಂದು ಸಂಶೋಧಕರು ಊಹಿಸಿದ್ದಾರೆ. ಮುಂದೆ ಕಡಲು ಏರಿ, ಸುಮಾರು 10,000 ವರ್ಷಗಳ ಹಿಂದೆ ಕುಳಿಯು ನೀರಿನಿಂದ ತುಂಬಿ ಅವಳನ್ನು ಮುಚ್ಚಿತು. ಯಾವ ನೀರಿಗಾಗಿ ಅವಳು ಒಳಗೆ ಬಂದಳೋ ಆ ನೀರೇ ಅವಳ ಮೂಳೆಗಳನ್ನು ನಮ್ಮ ಕಾಲದವರೆಗೆ ಕಾಪಾಡಿತು.

ಕಾಪಾಡಿದ್ದನ್ನು ಕೆಡಿಸುವುದಕ್ಕೂ ಮನುಷ್ಯನೇ ಬರಬೇಕು. ಅನುಮತಿಯಿಲ್ಲದೆ ಕುಳಿಗೆ ಇಳಿದವರಿಂದ ಮೂಳೆಗಳಿಗೆ ಧಕ್ಕೆಯಾದುದರಿಂದ, 2014ರಲ್ಲಿ ತಲೆಬುರುಡೆಯನ್ನು ಜೋಪಾನವಾಗಿ ಮೇಲೆ ತಂದು ಸಂಸ್ಥೆಯ ವಶಕ್ಕೆ ಒಪ್ಪಿಸಲಾಯಿತು. ಕಂಡವರು ಮುಟ್ಟದೆ ಬಂದರು. ಆಮೇಲೆ ಬಂದವರು ಮುಟ್ಟಿದರು. ವಿದ್ಯೆ ಎರಡೂ ಕಡೆ ಒಂದೇ ಆಗಿತ್ತು, ವಿನಯ ಮಾತ್ರ ಒಂದೇ ಕಡೆ ಇತ್ತು.

ಹದಿಮೂರು ಜೀವಗಳು

ಕತ್ತಲ ನೀರಿಗೆ ಇಳಿಯುವ ಈ ಹುಚ್ಚಿನಿಂದ ಲೋಕಕ್ಕೇನು ಉಪಯೋಗವೆಂದು ಕೇಳುವವರುಂಟು. ಆ ಪ್ರಶ್ನೆಗೆ 2018ರ ಜುಲೈ ತಿಂಗಳಲ್ಲಿ ಥಾಯ್ಲೆಂಡಿನಲ್ಲಿ ಉತ್ತರ ದೊರೆಯಿತು.

ಜೂನ್ 23ರಂದು ಚೆಂಡಾಟದ ತಂಡವೊಂದರ 12 ಹುಡುಗರೂ ಅವರ ತರುಣ ಶಿಕ್ಷಕನೂ ಥಾಮ್ ಲುವಾಂಗ್ ಎಂಬ ಗುಹೆಯನ್ನು ಹೊಕ್ಕಿದ್ದಾಗ ಮಳೆನೀರು ನುಗ್ಗಿ ದಾರಿ ಮುಚ್ಚಿತು. ಹುಡುಗರ ವಯಸ್ಸು 11ರಿಂದ 16. ಒಂಬತ್ತು ದಿನಗಳವರೆಗೆ ಅವರು ಬದುಕಿದ್ದಾರೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಜುಲೈ 2ರಂದು ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂಥೆನ್ ಎಂಬ ಬ್ರಿಟಿಷ್ ಗುಹಾಮುಳುಗುಗಾರರು, ಮಣ್ಣುನೀರಿನಲ್ಲಿ ಹಗ್ಗ ಹಾಸುತ್ತ ಹೋಗಿ, ಬಾಗಿಲಿನಿಂದ ಸುಮಾರು ನಾಲ್ಕು ಕಿಲೋಮೀಟರ್ ಒಳಗೆ ಎತ್ತರದ ಜಾಗದಲ್ಲಿ ಕುಳಿತಿದ್ದ ಹದಿಮೂರು ಮಂದಿಯನ್ನು ಕಂಡರು.

ಇತ್ತ ಹೊರಗೆ ಹಗಲಿರುಳೂ ಪಂಪುಗಳು ನೀರೆತ್ತುತ್ತಿದ್ದವು. ಆ ಕೆಲಸದಲ್ಲಿ ನೆರವಾಗಲು ನಮ್ಮ ದೇಶದ ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆಯ ತಜ್ಞರೂ ಅಲ್ಲಿಗೆ ಹೋಗಿದ್ದರು. ಆ ಸಂಸ್ಥೆಯ ಹಳೆಯ ನೆಲೆಯಾದ ಕಿರ್ಲೋಸ್ಕರವಾಡಿಯು ನಮ್ಮ ಜತ್ತದ ಬಾಂಧವರ ಸಾಂಗ್ಲಿ ಜಿಲ್ಲೆಯಲ್ಲಿಯೇ ಇದೆ.

ಜುಲೈ 6ರಂದು ಗುಹೆಯೊಳಗೆ ಗಾಳಿಯ ಸಿಲಿಂಡರುಗಳನ್ನು ಇರಿಸಿ ಮರಳುತ್ತಿದ್ದ ಥಾಯ್ ನೌಕಾದಳದ ನಿವೃತ್ತ ಯೋಧ ಸಮನ್ ಕುನನ್ ಪ್ರಾಣ ತೆತ್ತರು. ಈಜು ಕಲಿತವರೇ ಉಳಿಯದ ನೀರಿನಲ್ಲಿ ಮಕ್ಕಳನ್ನು ಎಚ್ಚರವಿರುವಾಗ ತಂದರೆ ಭಯದಿಂದಲೇ ಸಾಯುವರೆಂದು ತಿಳಿದು, ಅರಿವಳಿಕೆಯ ವೈದ್ಯರೂ ಸ್ವತಃ ಗುಹಾಮುಳುಗುಗಾರರೂ ಆದ ಆಸ್ಟ್ರೇಲಿಯಾದ ರಿಚರ್ಡ್ ಹ್ಯಾರಿಸ್ ಅವರು ಮಕ್ಕಳಿಗೆ ಮದ್ದು ಕೊಟ್ಟು ಮಲಗಿಸಿದರು. ಮುಖಕ್ಕೆಲ್ಲ ಮುಚ್ಚಿಗೆ ಹಾಕಿ, ಒಬ್ಬೊಬ್ಬ ಮಗುವನ್ನು ಒಬ್ಬೊಬ್ಬ ಮುಳುಗುಗಾರನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಹೊರಗೆ ತಂದನು. ಕೊನೆಯ ದಿನ ಕ್ರಿಸ್ ಜ್ಯುವೆಲ್ ಎಂಬ ನುರಿತ ಮುಳುಗುಗಾರನ ಕೈಯಿಂದಲೇ ಹಗ್ಗ ಜಾರಿಹೋಯಿತು. ಏನೂ ಕಾಣದ ನೀರಿನಲ್ಲಿ ತಡಕಾಡಿ, ವಿದ್ಯುತ್ತಿನ ತಂತಿಯೊಂದು ಸಿಕ್ಕಿದಾಗ ಅದನ್ನೇ ಹಿಡಿದು ಹಿಂದಿನ ಕೋಣೆಗೆ ಮರಳಿ, ಜೊತೆಗಾರರು ಬರುವವರೆಗೂ ಅವರು ಮಗುವಿನೊಡನೆ ಕಾದರು. ದುಡುಕಿ ಮುಂದೆ ಹೋಗಲಿಲ್ಲ. ಜುಲೈ 8ರಿಂದ 10ರವರೆಗಿನ ಮೂರು ದಿನಗಳಲ್ಲಿ ಹದಿಮೂರು ಮಂದಿಯೂ ಜೀವಂತವಾಗಿ ಹೊರಗೆ ಬರುವಂತಾಯಿತು.

ಗಮನಿಸಬೇಕಾದ ಮಾತೊಂದಿದೆ. ಆ ಹುಡುಗರನ್ನು ಕಂಡುಹಿಡಿದು ಹೊರತರುವ ವಿದ್ಯೆ ಲೋಕದ ದೊಡ್ಡ ಸೈನ್ಯಗಳ ಬಳಿಯೂ ಸಾಕಷ್ಟಿರಲಿಲ್ಲ. ರಜೆಯ ದಿನಗಳಲ್ಲಿ, ಸ್ವಂತ ಹಣ ಹಾಕಿ, ಯಾರ ಹೊಗಳಿಕೆಯೂ ಇಲ್ಲದೆ ಗುಹೆಗಳಲ್ಲಿ ಅಭ್ಯಾಸ ಮಾಡುತ್ತಿದ್ದ ಬೆರಳೆಣಿಕೆಯ ಜನರ ಬಳಿ ಅದು ಇತ್ತು. ನಿಷ್ಪ್ರಯೋಜಕವೆಂದು ತೋರಿದ ವಿದ್ಯೆ ಎಂದು ಯಾರಿಗೆ ಬೇಕಾಗುವುದೋ ಹೇಳಲಾಗದು.

ಮನೆಯವರಿಗೆ ಒಂದು ಮಾತು

ನಮ್ಮ ಮಕ್ಕಳು ಯುಕಟಾನಿನ ಗುಹೆಗೆ ಇಳಿಯುವ ಸಂಭವ ಕಡಿಮೆ. ಆದರೆ ನಮ್ಮ ಊರುಗಳ ಸುತ್ತ ಕಲ್ಲು ತೆಗೆದು ಬಿಟ್ಟ ಕ್ವಾರಿಗಳಿವೆ, ಮೆಟ್ಟಿಲು ಕುಸಿದ ಬಾವಿಗಳಿವೆ, ಮಳೆಗಾಲದಲ್ಲಿ ತುಂಬುವ ಹಳ್ಳಗಳಿವೆ. ‘ನಿನಗೆ ಧೈರ್ಯವಿಲ್ಲವೇ?’ ಎಂಬ ಒಂದು ಹಂಗಿನ ಮಾತಿಗೆ ಬೇಸಿಗೆಯ ರಜೆಯಲ್ಲಿ ಹುಡುಗರು ಆಳವರಿಯದ ನೀರಿಗೆ ಹಾರುತ್ತಾರೆ. ಲೋಕದ ಅತ್ಯಂತ ಅಪಾಯಕರವಾದ ನೀರಿನಲ್ಲಿ ಓಡಾಡುವವರು ಏನು ಮಾಡುತ್ತಾರೆಂಬುದನ್ನು ಅಂತಹ ಮಕ್ಕಳಿಗೆ ಹೇಳಬೇಕು. ಅವರು ಮೊದಲು ನೂಲು ಕಟ್ಟುತ್ತಾರೆ. ಜೊತೆಗಾರನ ಉಸಿರನ್ನು ತಮ್ಮ ಲೆಕ್ಕದಲ್ಲಿ ಸೇರಿಸುತ್ತಾರೆ. ಒಬ್ಬನು ಹೆಬ್ಬೆರಳೆತ್ತಿದರೆ ಎಲ್ಲರೂ ಹಿಂದಿರುಗುತ್ತಾರೆ, ಅವನನ್ನು ಹೇಡಿಯೆನ್ನುವುದಿಲ್ಲ.

ಒಳಗೆ ಹೋಗಲು ಬೇಕಾದುದು ಧೈರ್ಯವೊಂದೇ ಆಗಿದ್ದರೆ ನಾಯಿಯಾಳಿಗೆ ಅದರ ಕೊರತೆಯಿರಲಿಲ್ಲ. ಹದಿನಾರು ತುಂಬಿತೋ ಇಲ್ಲವೋ ಎಂಬ ವಯಸ್ಸಿನಲ್ಲಿ ಅವಳು ಆ ಕತ್ತಲೆಯಲ್ಲಿ ಅಷ್ಟು ದೂರ ನಡೆದಿದ್ದಳು. ಹದಿಮೂರು ಸಾವಿರ ವರ್ಷಗಳ ಅನಂತರ ಅದೇ ಕುಳಿಯ ಅಂಚಿಗೆ ಬಂದ ಮೂವರು ಸಂಜೆಗೆ ಸುಖವಾಗಿ ಮನೆ ಸೇರಿದರು. ಅವರ ಹಿಂದೆ ಒಂದು ನೂಲಿತ್ತು.